ಸೂಜಿಯೋ, ಶಸ್ತ್ರವೋ? ಗಂಟಿನ ಪರೀಕ್ಷೆಯ ಲೆಕ್ಕಾಚಾರ

ಸಂಸಾರಿಗಳಾದ ನಾವು ಎತ್ತನ್ನು ಕೊಳ್ಳುವಾಗ ಹಲ್ಲನ್ನು ಎಣಿಸುವೆವು. ಬಟ್ಟೆಯನ್ನು ಕೊಳ್ಳುವಾಗ ಅಂಚನ್ನು ಹಿಡಿದು ನೋಡುವೆವು. ಆದರೆ ಆಸ್ಪತ್ರೆಯ ವೆಚ್ಚದ ಮಾತು ಬಂದೊಡನೆ ಲೆಕ್ಕವನ್ನು ಬದಿಗಿಟ್ಟು, ಭಯವೊಂದನ್ನೇ ಮುಂದಿಟ್ಟುಕೊಂಡು ಕುಳಿತುಬಿಡುವೆವು.

ಕಳೆದ ವರ್ಷ ರಾಗಿಯ ಒಕ್ಕಣೆಯ ಕಾಲದಲ್ಲಿ ನಮ್ಮ ರಾಮಾಪುರದ ನೆರೆಮನೆಯ ಗೃಹಿಣಿಯೊಬ್ಬರ ಸ್ತನದಲ್ಲಿ ಗಂಟೊಂದು ಕಾಣಿಸಿತು. ವೈದ್ಯರು ಬಯಾಪ್ಸಿ ಆಗಬೇಕೆಂದರು. ಎಂದರೆ ಗಂಟಿನ ಅಂಶವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕೆಂದು. ಆಕೆಯ ಭಾವನವರು, ಕೊಯ್ದು ಇಡೀ ಗಂಟನ್ನೇ ತೆಗೆಸಿಬಿಟ್ಟರೆ ಒಂದೇ ಖರ್ಚಿನಲ್ಲಿ ಮುಗಿಯುವುದೆಂದು ವಾದಿಸಿದರು. ಪತಿಯಾದರೋ ನಮ್ಮ ಜಗಲಿಗೆ ಬಂದು, "ಮೇಷ್ಟ್ರೇ, ಸೂಜಿ ಚುಚ್ಚಿದ್ರೆ ಗಂಟು ಕೆರಳ್ತದಂತೆ, ದಿಟವಾ?" ಎಂದು ಕೇಳಿದರು. ನಾವು ವೈದ್ಯರಲ್ಲವಾದುದರಿಂದ, ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡು, ಅವರೊಡನೆ ಮೈಸೂರಿಗೂ ಹೋಗಿಬಂದೆವು. ಅದರ ಫಲವೇ ಈ ಲೇಖನ.

ಸುಶ್ರುತಸಂಹಿತೆಯು ಶಸ್ತ್ರಕರ್ಮವನ್ನು ಎಂಟು ಬಗೆಯಾಗಿ ವಿಂಗಡಿಸಿ, ಛೇದನ ಭೇದನಗಳ ಜೊತೆಗೆ ಏಷಣವನ್ನೂ, ಎಂದರೆ ಶಲಾಕೆಯಿಂದ ಒಳಗನ್ನು ಅರಸಿ ನೋಡುವುದನ್ನೂ, ಪ್ರತ್ಯೇಕವಾಗಿ ಹೇಳುತ್ತದೆ. ಅದು ಇಂದಿನ ಬಯಾಪ್ಸಿಯಲ್ಲ. ಆದರೂ ಅರಸುವುದು ಬೇರೆ, ಕೊಯ್ಯುವುದು ಬೇರೆ ಎಂಬ ವಿವೇಕವು ಅಲ್ಲಿಯೇ ಇರುವುದನ್ನು ವಾಚಕರು ಗಮನಿಸಬಹುದು.

ಸೂಜಿಯ ಪರೀಕ್ಷೆಯಲ್ಲಿ ಎರಡು ಬಗೆ. ಸಣ್ಣ ಸೂಜಿಯಿಂದ ಜೀವಕೋಶಗಳನ್ನು ಹೀರಿ ತೆಗೆಯುವುದು ಎಫ್.ಎನ್.ಎ.ಸಿ. ಎನಿಸುವುದು. ದಪ್ಪ ಸೂಜಿಯಿಂದ ದಾರದೆಳೆಯಂತಹ ತುಣುಕುಗಳನ್ನು ತೆಗೆಯುವುದು ಕೋರ್ ಬಯಾಪ್ಸಿ. ಎರಡನೆಯದಕ್ಕೆ ಆ ಭಾಗವನ್ನು ಮಾತ್ರ ಮರಗಟ್ಟಿಸಿದರೆ ಸಾಕು. ರೋಗಿಯು ಸಾಮಾನ್ಯವಾಗಿ ಅಂದೇ ಮನೆಗೆ ಮರಳಬಹುದು. ತೆರೆದ ಶಸ್ತ್ರಕ್ರಿಯೆಯ ಬಯಾಪ್ಸಿಗಾದರೋ ಶಸ್ತ್ರಾಗಾರ ಬೇಕು, ಹೆಚ್ಚಿನ ಅರಿವಳಿಕೆ ಬೇಕಾಗಬಹುದು, ಹೊಲಿಗೆ ಬೀಳುವುದು, ಗುರುತು ಉಳಿಯುವುದು.

ಶಾಲೆಯ ಹಲಗೆಯ ಮೇಲೆ ಬರೆಯುವಂತೆ ಒಂದು ಲೆಕ್ಕ ಮಾಡೋಣ. ಇವು ಉದಾಹರಣೆಗಾಗಿ ಹಿಡಿದ ಅಂಕಿಗಳೇ ಹೊರತು ಯಾವ ಆಸ್ಪತ್ರೆಯ ದರವೂ ಅಲ್ಲ. ಸೂಜಿಯ ವೆಚ್ಚ 1 ಭಾಗ, ಶಸ್ತ್ರಕ್ರಿಯೆಯದು 4 ಭಾಗ ಎಂದಿರಲಿ. ಹತ್ತು ಮಂದಿ ನೇರವಾಗಿ ಶಸ್ತ್ರಕ್ಕೆ ಹೋದರೆ 40 ಭಾಗ ವೆಚ್ಚವಾಗುವುದು. ಹತ್ತು ಮಂದಿಯೂ ಮೊದಲು ಸೂಜಿಗೆ ಹೋಗಿ, ಅವರಲ್ಲಿ ಇಬ್ಬರಿಗೆ ಉತ್ತರವು ಸ್ಪಷ್ಟವಾಗದೆ ಶಸ್ತ್ರವೂ ಬೇಕಾದರೆ, 10 ಮತ್ತು 8 ಸೇರಿ 18 ಭಾಗ ಮಾತ್ರ. ಇದರ ಮೇಲೆ ದಾರಿಯ ಲೆಕ್ಕ ಬೇರೆ. ರಾಮಾಪುರದಿಂದ ಹನೂರು, ಕೊಳ್ಳೇಗಾಲಗಳನ್ನು ಹಾದು ಮೈಸೂರಿಗೆ ಸುಮಾರು ನೂರು ಕಿಲೋಮೀಟರು. ಜೊತೆಗೊಬ್ಬರು ಹೋದರೆ ಎರಡು ಕೂಲಿ ತಪ್ಪುವುದು. ಹೊಲಿಗೆ ಬಿಚ್ಚಿಸಲು ಮತ್ತೊಮ್ಮೆ ಬಸ್ಸು ಹತ್ತಬೇಕಾಗುವುದು.

ಅಗ್ಗವಾದುದು ನಂಬಿಕೆಗೆ ಅರ್ಹವೇ ಎಂದು ಕೇಳಬಹುದು. ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದು 2009ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿ, ಸ್ತನದ ಗಂಟಿನ ವಿಷಯದಲ್ಲಿ ಕೋರ್ ಬಯಾಪ್ಸಿಯು ತೆರೆದ ಬಯಾಪ್ಸಿಯಷ್ಟೇ ಎಂಬಂತೆ ನಿಖರವಾದುದೆಂದು ಕಂಡುಕೊಂಡಿತು. ತೀವ್ರ ತೊಂದರೆಗಳು ಸೂಜಿಯಿಂದ ನೂರಕ್ಕೆ 1ಕ್ಕಿಂತ ಕಡಿಮೆ. ಶಸ್ತ್ರದಿಂದ ನೂರಕ್ಕೆ 2ರಿಂದ 10. ಅರ್ಬುದವೆಂದು ಸೂಜಿಯಿಂದ ಮೊದಲೇ ತಿಳಿದವರಿಗೆ ಬಹುಮಟ್ಟಿಗೆ ಒಂದೇ ಶಸ್ತ್ರಕ್ರಿಯೆ ಸಾಕಾಗುವುದು. ತೆರೆದ ಬಯಾಪ್ಸಿಯಿಂದ ತಿಳಿದವರು ಅನೇಕ ವೇಳೆ ಮತ್ತೊಮ್ಮೆ ಶಸ್ತ್ರಾಗಾರಕ್ಕೆ ಹೋಗಬೇಕಾಗುವುದು. ಭಾವನವರ "ಒಂದೇ ಖರ್ಚು" ಎರಡು ಖರ್ಚಾಗುವುದು ಇಲ್ಲಿಯೇ. ಇನ್ನು ಗಂಟು ಕೆರಳುವ ಭಯ. ಸೂಜಿ ಹೋದ ದಾರಿಯಲ್ಲಿ ಕೆಲವು ಕೋಶಗಳು ಸರಿಯುವುದುಂಟು. ಆದರೆ ಸ್ತನದ ಅರ್ಬುದದಲ್ಲಿ ಅದರಿಂದ ಆಯುಸ್ಸು ಕುಗ್ಗುವುದೆಂದು ಕಂಡುಬಂದಿಲ್ಲ.

ಹಾಗೆಂದು ಎಲ್ಲೆಡೆಯೂ ಅಗ್ಗವೇ ಮೇಲೆಂದು ನಾವು ಹೇಳುವುದಿಲ್ಲ. ಸಣ್ಣ ಸೂಜಿಗೆ ಖರ್ಚು ತೀರ ಕಡಿಮೆ. ಕತ್ತಿನ ಕ್ಷಯದ ಗಂಟಿಗೆ ಅದು ಬಹಳ ಉಪಯುಕ್ತ. ಆದರೆ ಸ್ತನದ ಅರ್ಬುದವು ಸುತ್ತಲಿನ ಅಂಗಾಂಶಕ್ಕೆ ಹರಡಿದೆಯೇ ಎಂಬುದನ್ನು ಅದರಿಂದ ಹೇಳಲಾಗದು. ಲಿಂಫೋಮಾದ ಸಂಶಯವಿದ್ದರೆ ಇಡೀ ಗ್ರಂಥಿಯನ್ನೇ ತೆಗೆದು ನೋಡುವುದು ಉತ್ತಮ. ಸೂಜಿಯ ಉತ್ತರವು ಕೈಗೆ ತೋರುವ ಲಕ್ಷಣಕ್ಕೂ ಚಿತ್ರದ ಪರೀಕ್ಷೆಗೂ ಹೊಂದದಿದ್ದರೆ, ಅಲ್ಲಿ ಶಸ್ತ್ರವೇ ಮಿತವ್ಯಯ.

ಆದುದರಿಂದ ಗೃಹಸ್ಥರು ವೈದ್ಯರನ್ನು ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು: ಇದಕ್ಕೆ ಸೂಜಿಯ ಪರೀಕ್ಷೆ ಸಾಕೆ? ಯಾವ ಸೂಜಿ? ಉತ್ತರ ಸ್ಪಷ್ಟವಾಗದಿದ್ದರೆ ಮುಂದೇನು? 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯ ನೆರವು ಯಾವುದಕ್ಕೆ ದೊರೆಯುವುದೆಂದು, ಕಾರ್ಡನ್ನು ತೋರಿಸಿ, ಮುಂಚಿತವಾಗಿಯೇ ವಿಚಾರಿಸಬೇಕು. ಎಲ್ಲಕ್ಕಿಂತ ದುಬಾರಿಯಾದುದು ಸೂಜಿಯೂ ಅಲ್ಲ, ಶಸ್ತ್ರವೂ ಅಲ್ಲ. ನಾಳೆ ನೋಡೋಣವೆಂಬ ಮಾತು.

ನೆರೆಮನೆಯಾಕೆಗೆ ಕೋರ್ ಬಯಾಪ್ಸಿ ಆಯಿತು. ವರದಿಯು ನಾವು ಬೇಡಿಕೊಂಡಂತೆ ಬರಲಿಲ್ಲ. ಆದರೆ ರೋಗವು ಇಂಥದೆಂದು ಮೊದಲೇ ತಿಳಿದುದರಿಂದ ಒಂದೇ ಶಸ್ತ್ರಕ್ರಿಯೆಯಲ್ಲಿ ಕಾರ್ಯವಾಯಿತು. ಔಷಧವು ಇನ್ನೂ ನಡೆಯುತ್ತಿದೆ. ಮೊನ್ನೆ ಆಕೆ ತಮ್ಮ ಹೊಲದ ಅವರೆಕಾಯಿಯನ್ನು ಮಡಿಲಲ್ಲಿ ತಂದು ನಮ್ಮ ಜಗಲಿಯ ಮೇಲೆ ಸುರಿದು, ಈ ಸಲ ಕಾಯಿ ಚೆನ್ನಾಗಿ ಬಲಿತಿದೆಯೆಂದು ಹೇಳಿ ಹೋದರು.