ಗ್ಯಾಸ್ಕೆಟ್ ಕೂರಿಸುವ ಮುನ್ನ ಎಂಜಿನ್ನಿನ ಮೈ ಹಸನು ಮಾಡಿ



ಬಾವಿಯ ಮೇಲೋ ಹೊಳೆಯ ದಂಡೆಯಲ್ಲೋ ಡೀಸೆಲ್ ಎಂಜಿನ್ ಇಟ್ಟು ನೀರು ಹಾಯಿಸುವವರಿಗೆ ಒಂದು ಕಾಟ ಗೊತ್ತೇ ಇದೆ. ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಹೊಸದು ತಂದು ಹಾಕುತ್ತೇವೆ. ಎಂಟು ದಿನಕ್ಕೆ ಅದೂ ಹೋಗುತ್ತದೆ. ಪೈರು ಬಾಡುತ್ತಾ ನಿಂತಿರುತ್ತದೆ. ನಾವು ಅಂಗಡಿಯವನನ್ನು ಬೈಯುತ್ತಾ ಕೂರುತ್ತೇವೆ. ಎಷ್ಟೋ ಸಲ ದೋಷವಿರುವುದು ಗ್ಯಾಸ್ಕೆಟ್ಟಿನಲ್ಲಲ್ಲ, ಅದು ಕೂರುವ ಮೈಯಲ್ಲಿ. ಹೊಲ ಹಸನು ಮಾಡದೆ ಬಿತ್ತಿ, ಬೀಜವನ್ನು ಬೈದರೆ ಏನು ಫಲ?

ಬ್ಲಾಕಿಗೂ ಹೆಡ್ಡಿಗೂ ನಡುವೆ ಇರುವ ತೆಳು ಹಾಸೇ ಈ ಗ್ಯಾಸ್ಕೆಟ್. ಡೀಸೆಲ್ ಎಂಜಿನ್ನು ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಒತ್ತಿ, ಆ ಕಾವಿನಲ್ಲೇ ಡೀಸೆಲ್ ಉರಿಸುತ್ತದೆ. ಅಷ್ಟು ಒತ್ತಡವನ್ನು ಈ ಹಾಸು ತಡೆಯಬೇಕು. ಪಕ್ಕದಲ್ಲೇ ಹರಿಯುವ ನೀರನ್ನೂ ಒಳಗೆ ಬಿಡಬಾರದು. ತಂಪು ನೀರಿನಲ್ಲಿ ಗುಳ್ಳೆ ಏಳುವುದು, ಬಿಳಿ ಹೊಗೆ ನಿಲ್ಲದೆ ಬರುವುದು, ಎಂಜಿನ್ ಆಯಿಲ್ ಹಾಲು ಬೆರೆತ ಚಹಾದಂತಾಗುವುದು, ಇವು ಸೋರಿಕೆಯ ಗುರುತು. ಆಯಿಲ್ ಬೆಳ್ಳಗಾಗಿದ್ದರೆ ಎಂಜಿನ್ನನ್ನು ಕೂಡಲೇ ನಿಲ್ಲಿಸಿ. ಇಲ್ಲವಾದರೆ ಬೇರಿಂಗುಗಳೂ ಹಾಳಾಗುತ್ತವೆ.

ಇನ್ನು ಕೆಲಸದ ಕ್ರಮ ಕೇಳಿ. ಎಂಜಿನ್ನು ಪೂರ್ತಿ ಆರಲಿ. ನೀರು ಬಸಿದು, ಪಿಸ್ಟನ್ನನ್ನು ಮೇಲಕ್ಕೆ ತನ್ನಿ. ನಟ್ಟುಗಳನ್ನು ಒಂದಾದ ಮೇಲೆ ಅದರ ಎದುರಿನದು ಎನ್ನುವಂತೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ. ಹೆಡ್ ತೆಗೆದ ಮೇಲೆ ಫ್ಲೈವೀಲ್ ತಿರುಗಿಸಬೇಡಿ. ತಿರುಗಿಸಿದರೆ ಲೈನರ್ ಮೇಲೆದ್ದು ಅದರಡಿ ಕಸ ಸೇರೀತು.

ಸಿಲಿಂಡರಿನ ಬಾಯಿಗೂ ಆಯಿಲ್ ತೂತುಗಳಿಗೂ ಶುಭ್ರವಾದ ಬಟ್ಟೆ ತುರುಕಿ. ಹಳೆಯ ಗ್ಯಾಸ್ಕೆಟ್ಟಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಅದರ ದೂಳು ಶ್ವಾಸಕೋಶಕ್ಕೆ ಕೇಡು. ಆದ್ದರಿಂದ ಒಣದಾಗಿ ಕೆರೆಯಬೇಡಿ, ಬಾಯಿಂದ ಊದಬೇಡಿ. ನೀರು ಹಚ್ಚಿ ನೆನೆಸಿ, ಅಗಲ ಬಾಯಿಯ ಚಪ್ಪಟೆ ಕೆರೆಯುವ ಪಟ್ಟಿಯನ್ನು ಮಲಗಿಸಿ ಹಿಡಿದು ಬಿಡಿಸಿ. ಮಕ್ಕಳು ಹತ್ತಿರ ಬಾರದಿರಲಿ. ಉಳಿ, ಸುತ್ತಿಗೆ ಬೇಡವೇ ಬೇಡ. ಉಳಿ ಎಳೆದ ಒಂದು ಗೀರು ಸಾಕು, ಒತ್ತಡಕ್ಕೆ ಅದೇ ಕಾಲುವೆ.

ಉಪ್ಪುಕಾಗದ ಹಾಕಿ ಉಜ್ಜುವುದೂ ತಪ್ಪು. ಕಾಗದದ ಹರಳು ಸಿಲಿಂಡರಿಗೆ, ಆಯಿಲ್ಲಿಗೆ ಬಿದ್ದರೆ ಪಿಸ್ಟನ್ ರಿಂಗನ್ನು ತಿಂದು ಹಾಕುತ್ತದೆ. ಒಂದೇ ಕಡೆ ಉಜ್ಜಿದರೆ ಮೈ ತಗ್ಗೂ ಆಗುತ್ತದೆ.

ಗಡಸು ನೀರಿನ ಊರುಗಳಲ್ಲಿ ನೀರಿನ ತೂತುಗಳಿಗೆ ಸುಣ್ಣ ಕಟ್ಟಿರುತ್ತದೆ. ಅದನ್ನು ತಂತಿಯಿಂದ ಬಿಡಿಸಿ. ಬೋಲ್ಟು ಕೂರುವ ಕುರುಡು ತೂತುಗಳಲ್ಲಿ ಆಯಿಲ್ಲೋ ನೀರೋ ನಿಂತಿದ್ದರೆ ಬಟ್ಟೆಯಿಂದ ಹೀರಿಸಿ. ಅದು ಒಳಗಿದ್ದರೆ ಬೋಲ್ಟು ಬಿಗಿಯಾದಂತೆ ಕಂಡೀತು, ಹೆಡ್ ಮಾತ್ರ ಒತ್ತಿ ಕೂರದು, ಬ್ಲಾಕು ಬಿರಿಯಲೂಬಹುದು.

ಈಗ ಮೈ ಸಮವಾಗಿದೆಯೇ ನೋಡಿ. ಉಕ್ಕಿನ ನೇರಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗೆ ಫೀಲರ್ ಗೇಜಿನ ಎಲೆ ತೂರಿಸಿ. 0.05 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲ ದಪ್ಪದ ಎಲೆ ನುಗ್ಗಿದರೆ, ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿರುವ ಮಿತಿಯನ್ನು ನೋಡಿ. ಮಿತಿ ಮೀರಿದ್ದರೆ ವರ್ಕ್‌ಷಾಪಿನಲ್ಲಿ ಮೈ ಹೊಡೆಸಿ. ಬ್ಲಾಕನ್ನೂ ಹಾಗೆಯೇ ಪರೀಕ್ಷಿಸಿ. ಬಿಡಿಸಬಹುದಾದ ಲೈನರ್ ಇರುವ ಎಂಜಿನ್ನುಗಳಲ್ಲಿ ಅದರ ಅಂಚು ಬ್ಲಾಕಿಗಿಂತ ಒಂದಿಷ್ಟು ಮೇಲಿರುತ್ತದೆ. ಅದು ದೋಷವಲ್ಲ, ಅರದಿಂದ ತೇಯಬೇಡಿ. ತಗ್ಗಿ ಕೂತಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಕಡೆಗೆ ಎರಡೂ ಮೈಗಳನ್ನು ಪೆಟ್ರೋಲಿನ ಬಟ್ಟೆಯಿಂದ ಒರೆಸಿ, ಜಿಡ್ಡು ಹೋಗಿ ಒಣಗುವವರೆಗೆ ಬಿಡಿ. ಬೀಡಿ, ಬೆಂಕಿ ಹತ್ತಿರ ಬೇಡ. ತುರುಕಿದ್ದ ಬಟ್ಟೆಗಳನ್ನು ಎಣಿಸಿ ಹೊರತೆಗೆಯಿರಿ. ಹಳೆಯ ಗ್ಯಾಸ್ಕೆಟ್ ಮತ್ತೆ ಬೇಡ. ಹೊಸದನ್ನು ಕೂರಿಸಿ, ನಟ್ಟುಗಳನ್ನು ಎದುರುಬದಿರಾಗಿ ಮೂರು ಸುತ್ತಿನಲ್ಲಿ, ಪುಸ್ತಕ ಹೇಳಿದಷ್ಟೇ ಬಿಗಿ ಮಾಡಿ. ಅಳತೆ ತೋರಿಸುವ ಟಾರ್ಕ್ ಸ್ಪ್ಯಾನರ್ ಇಲ್ಲದಿದ್ದರೆ ಆ ಕೆಲಸಕ್ಕೆ ಮೆಕ್ಯಾನಿಕ್‌ನನ್ನೇ ಕರೆಯಿರಿ. ಆಯಿಲ್ ಕೆಟ್ಟಿದ್ದರೆ ಚೆಲ್ಲಿ ಹೊಸದು ಹಾಕಿ, ವಾಲ್ವುಗಳ ಸಂದನ್ನೂ ಸರಿ ನೋಡಿಕೊಳ್ಳಿ.

ಅವಸರದಲ್ಲಿ ಗಂಟೆ ಉಳಿಸಲು ಹೋದರೆ ಮತ್ತೊಂದು ಗ್ಯಾಸ್ಕೆಟ್ಟಿನ ದುಡ್ಡೂ ಹೋಗುತ್ತದೆ, ನೀರಿನ ಸರದಿಯೂ ತಪ್ಪುತ್ತದೆ. ಅರ್ಧ ದಿನ ಹಿಡಿದರೂ ಮೈ ಹಸನಾಗಲಿ. ಎಂಜಿನ್ನು ಸುಗ್ಗಿಯವರೆಗೂ ನಿಮ್ಮ ಮಾತು ಕೇಳೀತು.