ಮುಖ ನೋಡಿ ಮಣೆ ಹಾಕುವ ಕ್ಯಾಮೆರಾ

ಮಾಗಡಿ ರಸ್ತೆಯ ಹೊಸಹಳ್ಳಿಯಲ್ಲಿ ಈಗಿರುವುದು ನೇರಳೆ ಮಾರ್ಗದ ಒಂದು ಸಾಧಾರಣ ಮೆಟ್ರೊ ನಿಲ್ದಾಣ, 2015ರ ನವೆಂಬರಿನಲ್ಲಿ ತೆರೆದದ್ದು. ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟ ಮೂರನೇ ಹಂತ ಮುಗಿದರೆ ಅದು ಜಂಕ್ಷನ್ ಆಗುತ್ತದೆ. ಅಲ್ಲಿಂದ ಕಡಬಗೆರೆಗೆ 12.5 ಕಿ.ಮೀ. ಹೊಸ ಮಾರ್ಗ ಹೊರಡಲಿದೆ. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಗಳ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುವ ರಾಯಚೂರಿನವರು, ಒಡಿಶಾದವರು, ಬಿಹಾರದವರು, ಅಸ್ಸಾಮಿನವರು ಇಲ್ಲಿ ಇಳಿದು ಹತ್ತುತ್ತಾರೆ. ಅಷ್ಟು ಮುಖಗಳು ಒಂದೆಡೆ ಸೇರುವ ಜಾಗಕ್ಕೆ ಪೊಲೀಸರ ಕಣ್ಣೂ ಬಂದೇ ಬರುತ್ತದೆ. ಆ ಕಣ್ಣು ಯಾರನ್ನು ಯಾರೆಂದು ತಿಳಿಯುತ್ತದೆ ಎಂಬುದನ್ನು ಈಗಲೇ ಕೇಳದಿದ್ದರೆ ಆಮೇಲೆ ಕೇಳಿ ಪ್ರಯೋಜನವಿಲ್ಲ.

ಮನುಷ್ಯರ ಕಣ್ಣಿನ ದಾಖಲೆಯಂತೂ ನಮ್ಮ ಊರಿನಲ್ಲಿ ಚೆನ್ನಾಗಿಲ್ಲ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿ ಹೊಡೆದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಕಾರನ್ನು ಗುಂಪು ತಡೆಯಿತು. ಅವಳನ್ನು ಹೊಡೆದರು, ಬಟ್ಟೆ ಹರಿದರು, ಕಾರು ಸುಟ್ಟರು. ಸುಡಾನಿಗೂ ಟಾಂಜಾನಿಯಾಕ್ಕೂ ನಡುವೆ ಇರುವ ದೂರ ಆ ಗುಂಪಿಗೆ ಲೆಕ್ಕಕ್ಕೇ ಬರಲಿಲ್ಲ; ಕಪ್ಪು ಮೈಬಣ್ಣ ಕಂಡರೆ ಸಾಕಾಗಿತ್ತು. ನಾಲ್ಕು ವರ್ಷ ಬಿಟ್ಟು, 2020ರ ಜನವರಿಯಲ್ಲಿ, ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡುಗಳನ್ನು ಕೆಡವಿದರು. ಅಲ್ಲಿರುವವರು ಬಾಂಗ್ಲಾದೇಶದವರು ಎಂದು ಶಾಸಕರೊಬ್ಬರು ಹಂಚಿಕೊಂಡ ವಿಡಿಯೊ ಹೇಳಿತ್ತು. ಪೊಲೀಸರ ನೋಟಿಸೂ ಹಾಗೇ ಹೇಳಿತ್ತು. ಬೀದಿಗೆ ಬಿದ್ದವರ ಚೀಲಗಳಿಂದ ಹೊರಬಂದದ್ದು ಆಧಾರ್ ಕಾರ್ಡು, ಮತದಾರರ ಚೀಟಿ. ಅವರಲ್ಲಿ ಉತ್ತರ ಕರ್ನಾಟಕದವರೇ ಇದ್ದರು. ಹೈಕೋರ್ಟು ಆ ತೆರವನ್ನು ಕಾನೂನುಬಾಹಿರವೆಂದಿತು.

ಎರಡೂ ಕಡೆ ನಡೆದದ್ದು ಒಂದೇ ತಪ್ಪು: ‘ಇವರೆಲ್ಲ ಒಂದೇ ಥರ ಕಾಣುತ್ತಾರೆ.’ ಈಗ ಇದೇ ತಪ್ಪು ಯಂತ್ರದೊಳಗೆ ಸೇರಿ, ಪೊಲೀಸ್ ಮೊಹರಿನೊಂದಿಗೆ ಹೊರಬರುವ ಕಾಲ ಬಂದಿದೆ.

ನಿರ್ಭಯಾ ನಿಧಿಯಲ್ಲಿ ಎಂಟು ಮಹಾನಗರಗಳಿಗೆ ‘ಸೇಫ್ ಸಿಟಿ’ ಯೋಜನೆ ಮಂಜೂರಾಯಿತು. ಬೆಂಗಳೂರಿನ ಪಾಲು 667 ಕೋಟಿ ರೂಪಾಯಿ. ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬೀದಿಗೆ ಬಂದಿವೆ, ಮುಖ ಗುರುತಿಸುವ ತಂತ್ರಾಂಶವೂ ಯೋಜನೆಯಲ್ಲಿದೆ. ಮೆಟ್ರೊ ನಿಲ್ದಾಣದ ಕ್ಯಾಮೆರಾಗಳಿಗೆ ಈ ವಿದ್ಯೆ ಇವತ್ತೇ ಬಂದಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕ್ಯಾಮೆರಾ ಒಮ್ಮೆ ಕಂಬ ಹತ್ತಿದರೆ, ಅದಕ್ಕೆ ಹೊಸ ಬುದ್ಧಿ ತುಂಬಲು ಏಣಿಯೂ ಬೇಕಿಲ್ಲ, ಟೆಂಡರೂ ಬೇಕಾಗಲಿಕ್ಕಿಲ್ಲ. ಮಹಿಳೆಯರ ಸುರಕ್ಷತೆಗೆಂದೇ ಬಂದ ಹಣ ಇದು. ಆ ಉದ್ದೇಶದ ಬಗ್ಗೆ ತಕರಾರಿಲ್ಲ. ತಕರಾರಿರುವುದು ಲೆಕ್ಕದ ಬಗ್ಗೆ.

ಅಮೆರಿಕದ ಮಾನಕ ಸಂಸ್ಥೆ ‘ನಿಸ್ಟ್’ 2019ರ ಡಿಸೆಂಬರಿನಲ್ಲಿ 99 ತಯಾರಕರ 189 ತಂತ್ರಾಂಶಗಳನ್ನು ಒರೆಗೆ ಹಚ್ಚಿ ವರದಿ ಕೊಟ್ಟಿತು. ಒಬ್ಬನ ಮುಖವನ್ನು ಇನ್ನೊಬ್ಬನದೆಂದು ತಪ್ಪಾಗಿ ಹೊಂದಿಸುವ ಪ್ರಮಾಣ, ಬಿಳಿಯರಿಗಿಂತ ಏಷ್ಯಾ ಮತ್ತು ಆಫ್ರಿಕಾ ಮೂಲದವರಲ್ಲಿ ಅನೇಕ ತಂತ್ರಾಂಶಗಳಲ್ಲಿ 10ರಿಂದ 100 ಪಟ್ಟು ಹೆಚ್ಚಿತ್ತು. ಅದಕ್ಕೂ ಮೊದಲು, 2018ರಲ್ಲಿ, ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಮುಖ ನೋಡಿ ಹೆಣ್ಣೋ ಗಂಡೋ ಹೇಳುವ ತಂತ್ರಾಂಶಗಳನ್ನು ಪರೀಕ್ಷಿಸಿದ್ದರು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಶೇ 0.8ಕ್ಕಿಂತ ಹೆಚ್ಚಿರಲಿಲ್ಲ; ಕಪ್ಪು ಹೆಂಗಸರ ವಿಷಯದಲ್ಲಿ ಶೇ 34.7ರವರೆಗೆ ಹೋಗಿತ್ತು. ನಮ್ಮವರ ಮುಖಗಳ ಕಥೆಯೇನು? ಗೌರವ್ ಜೈನ್ ಮತ್ತು ಸ್ಮೃತಿ ಪಾರ್ಶೀರಾ 2021ರಲ್ಲಿ ಒಂದು ಜಾಣ ಉಪಾಯ ಮಾಡಿದರು: ಚುನಾವಣಾ ಅಭ್ಯರ್ಥಿಗಳ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಫೋಟೊಗಳನ್ನು ದೊಡ್ಡ ಕಂಪನಿಗಳ ತಂತ್ರಾಂಶಗಳಿಗೆ ಉಣಿಸಿದರು. ಒಂದು ತಂತ್ರಾಂಶ ಭಾರತದ ಹೆಂಗಸರಲ್ಲಿ ಶೇ 14ಕ್ಕೂ ಹೆಚ್ಚು ಮಂದಿಯನ್ನು ಗಂಡಸರೆಂದಿತು. ಇನ್ನೊಂದಕ್ಕೆ ಸಾವಿರಕ್ಕೂ ಹೆಚ್ಚು ಫೋಟೊಗಳಲ್ಲಿ ಮುಖವೇ ಕಾಣಲಿಲ್ಲ. ಮಹಿಳೆಯರ ರಕ್ಷಣೆಗೆ ಬಂದ ಯಂತ್ರವೊಂದು ಮಹಿಳೆಯನ್ನೇ ಗುರುತಿಸದೆ ಹೋಗಬಹುದು ಎಂದಾಯಿತು.

ತಂತ್ರಾಂಶಗಳು ಆಮೇಲೆ ಸುಧಾರಿಸಿವೆ, ನಿಜ. ಮಾರಾಟಗಾರರು ಶೇ 99.9 ನಿಖರ ಎನ್ನುತ್ತಾರೆ. ಅದನ್ನೇ ಒಪ್ಪಿ ಲೆಕ್ಕ ಹಾಕೋಣ. ಜಂಕ್ಷನ್ ಆದ ಹೊಸಹಳ್ಳಿಯಲ್ಲಿ ದಿನಕ್ಕೆ 50 ಸಾವಿರ ಮುಖಗಳು ಹಾದುಹೋಗುತ್ತವೆ, ಅವರಲ್ಲಿ ಪೊಲೀಸರಿಗೆ ಬೇಕಾದವರು ಐದು ಜನ ಎಂದಿಟ್ಟುಕೊಳ್ಳಿ. ಯಂತ್ರ ಆ ಐವರನ್ನೂ ಹಿಡಿಯಿತು ಅನ್ನೋಣ. ಸಾವಿರಕ್ಕೆ ಒಂದು ತಪ್ಪಾದರೂ ಇನ್ನೂ 50 ಜನರ ಮೇಲೆ ಗಂಟೆ ಬಾರಿಸುತ್ತದೆ. ಅಂದರೆ ಯಂತ್ರ ‘ಇವನೇ’ ಎಂದ ಹನ್ನೊಂದು ಸಲದಲ್ಲಿ ಹತ್ತು ಸಲ ಸುಳ್ಳು. ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. 2017ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ನಡೆದಾಗ ಪೊಲೀಸರ ಯಂತ್ರ 2,470 ಸಲ ಎಚ್ಚರಿಸಿತು. 2,297 ಸಲ ತಪ್ಪು ಮನುಷ್ಯ. ಹೊಸಹಳ್ಳಿಯ ಆ 50 ಮಂದಿ ಎಲ್ಲ ಜಾತಿ, ಬಣ್ಣ, ಪ್ರದೇಶಗಳಿಗೆ ಸಮನಾಗಿ ಹಂಚಿಹೋಗುವುದಿಲ್ಲ. ಯಂತ್ರಕ್ಕೆ ಯಾರ ಮುಖದ ಅಭ್ಯಾಸ ಕಡಿಮೆಯೋ ಅವರ ಕೊರಳಿಗೇ ಬರುತ್ತದೆ.

ಡೆಟ್ರಾಯ್ಟ್‌ನಲ್ಲಿ ಹೀಗೆ ಕೊರಳಿಗೆ ಬಂದವರು ರಾಬರ್ಟ್ ವಿಲಿಯಮ್ಸ್. 2020ರ ಜನವರಿಯಲ್ಲಿ ಮಕ್ಕಳ ಕಣ್ಣೆದುರೇ ಬೇಡಿ ತೊಡಿಸಿದರು. 2023ರಲ್ಲಿ ಅದೇ ಊರಿನ ಪೊಲೀಸರು ಎಂಟು ತಿಂಗಳ ಗರ್ಭಿಣಿ ಪೊರ್ಷಾ ವುಡ್ರಫ್‌ರನ್ನು ಹಿಡಿದರು. ಇಬ್ಬರೂ ಕಪ್ಪು ವರ್ಣೀಯರು, ಇಬ್ಬರೂ ನಿರಪರಾಧಿಗಳು. ಡೆಟ್ರಾಯ್ಟ್ ದೂರವಾಯಿತೇ? ನೆರೆಯ ತೆಲಂಗಾಣದ ಮೇದಕ್‌ಗೆ ಬನ್ನಿ. ಅದೇ 2023ರ ಜನವರಿಯಲ್ಲಿ, ಸಿಸಿಟಿವಿಯಲ್ಲಿ ಕಂಡ ಸರಗಳ್ಳನಂತೆ ಇದ್ದಾನೆ ಎಂಬ ಸಂಶಯಕ್ಕೆ ದಿನಗೂಲಿ ಮುಸ್ಲಿಂ ಕಾರ್ಮಿಕನೊಬ್ಬನನ್ನು ಪೊಲೀಸರು ಹಿಡಿದರು. ಠಾಣೆಯಲ್ಲಿ ಹೊಡೆದರೆಂದು ಹೇಳಿಕೆ ಕೊಟ್ಟು ಅವನು ಫೆಬ್ರುವರಿಯಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ತೆಲಂಗಾಣ ಹೈಕೋರ್ಟು ಪ್ರಕರಣವನ್ನು ತಾನಾಗಿಯೇ ಎತ್ತಿಕೊಂಡಿತು. ಡೆಟ್ರಾಯ್ಟ್‌ನ ತಪ್ಪಿಗೆ ಪರಿಹಾರ ಸಿಕ್ಕಿತು, ನಿಯಮಗಳೂ ಬದಲಾದವು. ನಮ್ಮ ಠಾಣೆಗಳಲ್ಲಿ ತಪ್ಪು ಗುರುತಿಗೂ ಲಾಠಿಗೂ ನಡುವೆ ಅಷ್ಟು ಸಮಯವಿರುವುದಿಲ್ಲ.

ಹಾಗಿದ್ದರೂ ನಮಗೆ ಪಾಠವಾಗಬೇಕಾದ ದೇಶ ಅಮೆರಿಕವಲ್ಲ, ಕೆನಡಾ. ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ವರ್ಷಕ್ಕೆ ಸುಮಾರು ಸಾವಿರ ಜನ ಸಾಯುತ್ತಾರೆ. ಪಕ್ಕದ ಮನೆ ಹಾಗಿರುವಾಗ ತಮ್ಮ ಮನೆ ಯಾರಿಗೂ ನಂದನವನದಂತೆಯೇ ಕಾಣುತ್ತದೆ. ನಮ್ಮ ದೋಸೆ ತೂತಾದರೇನು, ಅವರ ಕಾವಲಿಯೇ ತೂತಾಗಿದೆಯಲ್ಲ ಎಂಬ ಸಮಾಧಾನ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ಮೇಲೆ ಒಂಟಾರಿಯೊ ಪ್ರಾಂತ್ಯದ ಮುಖ್ಯಸ್ಥ ಡಗ್ ಫೋರ್ಡ್, ಪುಣ್ಯಕ್ಕೆ ನಾವು ಅಮೆರಿಕದಂತಲ್ಲ, ವರ್ಣಭೇದದ ಅಷ್ಟು ಆಳದ ಬೇರು ನಮ್ಮಲ್ಲಿಲ್ಲ ಎಂಬರ್ಥದ ಮಾತಾಡಿದರು. ಮರುದಿನವೇ ಆ ಮಾತು ನುಂಗಿಕೊಳ್ಳಬೇಕಾಯಿತು. ಏಕೆಂದರೆ ಅವರದೇ ಪ್ರಾಂತ್ಯದ ಮಾನವ ಹಕ್ಕು ಆಯೋಗ 2018ರಲ್ಲೇ ಲೆಕ್ಕ ಇಟ್ಟಿತ್ತು: ಟೊರೊಂಟೊದಲ್ಲಿ ಪೊಲೀಸ್ ಗುಂಡಿಗೆ ಬಲಿಯಾಗುವ ಸಂಭವ ಬಿಳಿಯನಿಗಿಂತ ಕಪ್ಪು ವರ್ಣೀಯನಿಗೆ ಸುಮಾರು 20 ಪಟ್ಟು. ಮೂಲನಿವಾಸಿಗಳು ಕೆನಡಾದ ಜನಸಂಖ್ಯೆಯಲ್ಲಿ ನೂರಕ್ಕೆ ಐದು. ಕೇಂದ್ರ ಕಾರಾಗೃಹಗಳಲ್ಲಿ 2020ರ ವೇಳೆಗೆ ನೂರಕ್ಕೆ ಮೂವತ್ತು ದಾಟಿದ್ದರು. ಜನಾಂಗವಾರು ಅಂಕಿಅಂಶ ದೇಶದಾದ್ಯಂತ ಸಂಗ್ರಹಿಸುವ ನಿರ್ಧಾರ ಅಲ್ಲಿ ಆದದ್ದೇ 2020ರಲ್ಲಿ. ಎಣಿಸದಿದ್ದರೆ ಸಜ್ಜನರಾಗಿ ಉಳಿಯುವುದು ಸುಲಭ.

2022ರ ಮೇ ತಿಂಗಳಲ್ಲಿ ಶಿರಾ ಮೂಲದ ಸಂಸದ ಚಂದ್ರ ಆರ್ಯ ಕೆನಡಾ ಸಂಸತ್ತಿನಲ್ಲಿ ಕನ್ನಡ ಮಾತಾಡಿದ ವಿಡಿಯೊ ನಮ್ಮೆಲ್ಲರ ಫೋನಿಗೂ ಬಂತು. ಮುಂದಿನ ತಿಂಗಳೇ ಟೊರೊಂಟೊ ಪೊಲೀಸ್ ಮುಖ್ಯಸ್ಥ ಕಪ್ಪು ವರ್ಣೀಯರ ಕ್ಷಮೆ ಕೇಳಿದರು. ನಗರದ ಹತ್ತರಲ್ಲೊಂದು ಪಾಲಿರುವ ಅವರ ಮೇಲೆ, ಬಲಪ್ರಯೋಗದ ಪ್ರಕರಣಗಳಲ್ಲಿ ಹತ್ತಿರ ಹತ್ತಿರ ಶೇ 40 ನಡೆದಿದ್ದವು ಎಂದು ಇಲಾಖೆಯ ಅಂಕಿಅಂಶವೇ ಹೇಳಿತ್ತು. ಆ ಸುದ್ದಿ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಲಿಲ್ಲ.

ಕೆನಡಾಕ್ಕೆ ದಕ್ಷಿಣದಲ್ಲಿ ಸಿಕ್ಕ ನೆರೆಯವನು ನಮಗೆ ಉತ್ತರದಲ್ಲಿ ಸಿಕ್ಕಿದ್ದಾನೆ. ಬುಲ್ಡೋಜರ್, ಎನ್‌ಕೌಂಟರ್ ಎಂದರೆ ಉತ್ತರ ಪ್ರದೇಶ. ನಾವು ಸರ್ವಜನಾಂಗದ ತೋಟದವರು. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಲ್ಲಿ ಇದೇ ನಗರದ ತಮಿಳರ ಮನೆಗಳಿಗೆ ಬೆಂಕಿ ಬಿದ್ದದ್ದು, 2012ರ ಆಗಸ್ಟಿನಲ್ಲಿ ಈಶಾನ್ಯದ ಸಾವಿರಾರು ಜನ ವದಂತಿಗೆ ಬೆದರಿ ಗುವಾಹಟಿ ರೈಲು ಹತ್ತಿದ್ದು, 2016ರ ಸೆಪ್ಟೆಂಬರಿನಲ್ಲಿ ಮತ್ತೆ ಕಾವೇರಿ ಗಲಭೆಯಾಗಿ ವಿಜಯನಗರ, ರಾಜಾಜಿನಗರ, ಕೆಂಗೇರಿ ಸೇರಿ ಹದಿನಾರು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹೇರಿದ್ದು, ಇವೆಲ್ಲ ‘ಅಪವಾದ’ಗಳ ಪಟ್ಟಿಗೆ ಹೋಗಿವೆ. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ ದೇಶದ ಸುಮಾರು 12 ಸಾವಿರ ಪೊಲೀಸರನ್ನು ಮಾತಾಡಿಸಿದಾಗ, ಮುಸ್ಲಿಮರು ಸ್ವಭಾವತಃ ಅಪರಾಧದ ಕಡೆ ವಾಲುತ್ತಾರೆ ಎಂದು ಇಬ್ಬರಲ್ಲಿ ಒಬ್ಬರು ಹೆಚ್ಚೋ ಕಡಿಮೆಯೋ ಒಪ್ಪಿದರು. ಹೊಸಹಳ್ಳಿಯಿಂದ ಬಹಳ ದೂರವೇನಿಲ್ಲದ ಗೋರಿಪಾಳ್ಯವನ್ನು ಹೈಕೋರ್ಟಿನ ನ್ಯಾಯಪೀಠದಿಂದಲೇ ‘ಪಾಕಿಸ್ತಾನ’ ಎಂದದ್ದಾಯಿತು. ದೇಶದ ಯಾವ ಭಾಗವನ್ನೂ ಹಾಗೆ ಕರೆಯಕೂಡದು ಎಂದು 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಇಂಥ ಹಣೆಪಟ್ಟಿ ಯಂತ್ರದೊಳಗೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಪುರಾವೆಯಿದೆ. ಕ್ರಿಸ್ಟಿಯನ್ ಲಮ್ ಮತ್ತು ವಿಲಿಯಂ ಐಸಾಕ್ 2016ರಲ್ಲಿ ಓಕ್‌ಲ್ಯಾಂಡ್ ಪೊಲೀಸರ ಹಳೆಯ ಮಾದಕವಸ್ತು ಪ್ರಕರಣಗಳನ್ನು, ಅಪರಾಧ ಎಲ್ಲಿ ನಡೆಯಲಿದೆ ಎಂದು ಭವಿಷ್ಯ ನುಡಿಯುವ ತಂತ್ರಾಂಶಕ್ಕೆ ಕೊಟ್ಟು ನೋಡಿದರು. ಮಾದಕವಸ್ತು ಬಳಕೆ ಎಲ್ಲ ಜನಾಂಗಗಳಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಯಂತ್ರ ಮಾತ್ರ ಪೊಲೀಸರನ್ನು ಬಿಳಿಯರಿಗಿಂತ ಎರಡು ಪಟ್ಟು ಕಪ್ಪು ವರ್ಣೀಯರ ಕಡೆಗೇ ಕಳಿಸುತ್ತಿತ್ತು. ಹಿಂದೆ ಎಲ್ಲಿ ಹೆಚ್ಚು ಹುಡುಕಿದ್ದರೋ ಅಲ್ಲಿ ಹೆಚ್ಚು ಸಿಕ್ಕಿತ್ತು. ಹೆಚ್ಚು ಸಿಕ್ಕಿದ್ದರಿಂದ ಮತ್ತೆ ಅಲ್ಲೇ ಹುಡುಕು ಎಂದಿತು. ಗೋರಿಪಾಳ್ಯ, ಪಾದರಾಯನಪುರಗಳ ಹಳೆಯ ಎಫ್‌ಐಆರ್‌ಗಳನ್ನು ಉಣಿಸಿದರೆ ಯಂತ್ರ ಯಾವ ಕಡೆ ಬೆರಳು ತೋರಿಸೀತು ಎಂದು ಊಹಿಸಲು ಗಣಿತ ಬೇಕಿಲ್ಲ.

ಜನರನ್ನು ಹುಟ್ಟಿನಿಂದಲೇ ಪಟ್ಟಿಗೆ ಸೇರಿಸುವ ಅಭ್ಯಾಸ ನಮಗೆ ಹೊಸದೂ ಅಲ್ಲ. ಹುಬ್ಬಳ್ಳಿ ಮತ್ತು ಗದಗ-ಬೆಟಗೇರಿಯಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆಗಳು ಇಂದಿಗೂ ಇವೆ. ಬ್ರಿಟಿಷರ ಅಪರಾಧಿ ಬುಡಕಟ್ಟು ಕಾಯ್ದೆಯಡಿ ಕುಟುಂಬಗಳನ್ನೇ ಕೂಡಿಹಾಕಿ ಹಾಜರಿ ಕೂಗುತ್ತಿದ್ದ ಜಾಗಗಳು. ಕಾಯ್ದೆ 1952ರಲ್ಲಿ ರದ್ದಾಯಿತು, ಸಂಶಯ ಆಗಲಿಲ್ಲ. ಹೊಸ ಪಟ್ಟಿಗೆ ದೊಡ್ಡ ಉಗ್ರಾಣವೂ ಸಿದ್ಧವಾಗಿದೆ: 2022ರ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬಂಧಿತರ ಬೆರಳಚ್ಚು, ಕಣ್ಣಿನ ಪಾಪೆ, ಫೋಟೊಗಳನ್ನು 75 ವರ್ಷ ಇಟ್ಟುಕೊಳ್ಳಬಹುದು ಎನ್ನುತ್ತದೆ. ಖುಲಾಸೆಯಾದರೆ ಅಳಿಸಬೇಕೆಂದೂ ಅದರಲ್ಲಿದೆ. ಅಳಿಸಿದ್ದನ್ನು ನೋಡಿ ಬರುವವರು ಯಾರು?

ಕೆನಡಾದಲ್ಲಿ ನೋಡುವವರಿದ್ದರು. ಕ್ಲಿಯರ್‌ವ್ಯೂ ಎಂಬ ಕಂಪನಿ ಅಂತರ್ಜಾಲದಿಂದ 300 ಕೋಟಿಗೂ ಹೆಚ್ಚು ಫೋಟೊ ಬಾಚಿಕೊಂಡು ಪೊಲೀಸರಿಗೆ ಮಾರಿದ್ದನ್ನು ಅಲ್ಲಿನ ಖಾಸಗಿತನ ಆಯುಕ್ತರು 2021ರ ಫೆಬ್ರುವರಿಯಲ್ಲಿ ಕಾನೂನುಬಾಹಿರ ಎಂದರು. ಜೂನ್‌ನಲ್ಲಿ ಕೇಂದ್ರ ಪೊಲೀಸ್ ಪಡೆಯೂ ತಪ್ಪು ಮಾಡಿದೆ ಎಂದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ದತ್ತಾಂಶ ರಕ್ಷಣಾ ಕಾಯ್ದೆ ಅಪರಾಧ ತಡೆ, ತನಿಖೆಗಳಿಗೆ ದೊಡ್ಡ ವಿನಾಯಿತಿ ಕೊಟ್ಟಿದೆ. ಮುಖ ಗುರುತಿಸುವ ತಂತ್ರಜ್ಞಾನಕ್ಕೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿ ಇಲ್ಲ.

ಸದ್ಯಕ್ಕೆ ಉಳಿದಿರುವುದು ಮಾಹಿತಿ ಹಕ್ಕು. ಯಂತ್ರ ಎಷ್ಟು ಹೊಂದಿಕೆಗೆ ‘ಇವನೇ’ ಎನ್ನುತ್ತದೆ ಎಂಬುದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ದೆಹಲಿ ಪೊಲೀಸರು ಶೇ 80 ಸಾಕು ಎನ್ನುತ್ತಾರೆ ಎಂಬುದು 2022ರಲ್ಲಿ ಇಂಥ ಅರ್ಜಿಯಿಂದಲೇ ಹೊರಬಿತ್ತು. ಬೆಂಗಳೂರಿನಲ್ಲಿ ಅದು ಎಷ್ಟು, ಅದರ ಪಟ್ಟಿಯಲ್ಲಿ ಎಷ್ಟು ಮುಖಗಳಿವೆ, ಇದುವರೆಗೆ ಎಷ್ಟು ಜನರನ್ನು ತಪ್ಪಾಗಿ ತಡೆದಿದ್ದಾರೆ ಎಂದು ಹೊಸಹಳ್ಳಿಯ, ವಿಜಯನಗರದ ನಿವಾಸಿಗಳು ಕೇಳಬೇಕು, ಹೊಸ ಮಾರ್ಗದ ಕಂಬಗಳು ಏಳುವ ಮೊದಲೇ ಕೇಳಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ.