ಅರಿಯದೆ, ದುಡುಕಿ, ಥಟ್ಟನೆ

ಮನೆಯಲ್ಲಿ ಹಾಲಿನ ಪಾತ್ರೆ ಉರುಳಿತೆಂದು ಇಟ್ಟುಕೊಳ್ಳೋಣ. ಉರುಳಿಸಿದ ಹುಡುಗನು ‘ಕೈತಪ್ಪಿ ಬಿದ್ದಿತು’ ಎನ್ನುತ್ತಾನೆ. ನೋಡಿದ ಅಜ್ಜಿ ‘ದುಡುಕಿ ಬೀಳಿಸಿದ’ ಎನ್ನುತ್ತಾಳೆ. ಅವನ ಮೇಲೆ ಮುನಿದಿರುವ ತಂಗಿಯಾದರೆ ‘ಬೇಕೆಂದೇ ಬೀಳಿಸಿದ’ ಎಂದು ಸಾಕ್ಷಿ ನುಡಿಯುವುದೂ ಉಂಟು. ನೆಲದ ಮೇಲೆ ಚೆಲ್ಲಿದ ಹಾಲು ಮೂರು ಮಾತಿಗೂ ಒಂದೇ. ಪೆಟ್ಟು ಬೀಳುವುದೋ ಬಿಡುವುದೋ ಎಂಬುದು ಮಾತ್ರ ಕ್ರಿಯಾಪದದ ಮುಂಚೆ ಬಂದು ಕುಳಿತ ಆ ಒಂದು ಶಬ್ದವನ್ನು ಅವಲಂಬಿಸಿದೆ. ಶಾಲೆಯ ವ್ಯಾಕರಣದಲ್ಲಿ ಇಂಥವಕ್ಕೆ ಕ್ರಿಯಾವಿಶೇಷಣಗಳೆಂದು ಹೆಸರು. ಸಂಧಿ ಸಮಾಸಗಳಿಗೆ ದೊರೆತ ಗೌರವ ಇವಕ್ಕೆ ದೊರೆತಿಲ್ಲ. ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಅವ್ಯಯಗಳನ್ನು ಕೊನೆಯ ಪ್ರಕರಣದಲ್ಲಿಯೇ ಇಟ್ಟನು. ಆದರೆ ಸಂಸಾರದಲ್ಲಿ ಸಮಾಸವೊಂದು ತಪ್ಪಿದರೆ ಯಾರ ಮನಸ್ಸೂ ಮುರಿಯುವುದಿಲ್ಲ. ಇವು ತಪ್ಪಿದರೆ ಮುರಿಯುತ್ತದೆ.

ಯೋಜಿಸದೆ ನಡೆದ ಕೆಲಸವನ್ನು ಹೇಳುವ ಶಬ್ದಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವೆಲ್ಲ ಒಂದೇ ಅರ್ಥದವೆಂದು ಭಾವಿಸಿ ಕೈಗೆ ಸಿಕ್ಕಿದುದನ್ನು ಬಳಸುವುದು ಈಗಿನ ವಾಡಿಕೆ. ಥಟ್ಟನೆ, ಗಕ್ಕನೆ, ಸರಕ್ಕನೆ, ದಿಢೀರನೆ ಎಂಬವು ಅನುಕರಣದಿಂದ ಹುಟ್ಟಿದವು. ‘ಥಟ್ಟೆಂದು’ ಎಂಬ ರೂಪವನ್ನು ಬಿಡಿಸಿದರೆ ಒಳಗಿರುವ ‘ಎಂದು’ ಕಣ್ಣಿಗೇ ಬೀಳುತ್ತದೆ. ‘ಥಟ್’ ಎನ್ನುವಷ್ಟು ಹೊತ್ತಿನಲ್ಲಿ ಎಂಬುದೇ ತಾತ್ಪರ್ಯ. ಇವು ಕಾಲವನ್ನು ಅಳೆಯುತ್ತವೆಯೇ ಹೊರತು ಮನಸ್ಸನ್ನು ಅಳೆಯುವುದಿಲ್ಲ. ಮಗ್ಗಿ ಬಲ್ಲ ಬಾಲಕನು ಥಟ್ಟನೆ ಉತ್ತರ ಹೇಳುತ್ತಾನೆ. ಅದು ಯೋಚನೆಯಿಲ್ಲದ ಉತ್ತರವಲ್ಲ. ಯೋಚನೆ ಎಂದೋ ಮುಗಿದುಹೋದ ಉತ್ತರ. ಕಾದ ಬಾಣಲೆಗೆ ಬೆರಳು ತಗುಲಿದಾಗ ಕೈ ಸರಕ್ಕನೆ ಹಿಂದಕ್ಕೆ ಬರುವುದು ಬೇರೆಯ ಮಾತು. ಅಲ್ಲಿ ಅಪ್ಪಣೆ ಹೊರಡುವುದು ಬೆನ್ನುಹುರಿಯಿಂದ. ಉರಿಯ ಅರಿವು ಮಿದುಳಿಗೆ ಮುಟ್ಟುವ ಮುಂಚೆಯೇ ಕೈ ಸರಿದಿರುತ್ತದೆ. ಇದಕ್ಕೆ ‘ತಾನಾಗಿ’ ಎಂಬ ನಮ್ಮ ಹಳೆಯ ಮಾತೇ ತಕ್ಕುದು. ಕ್ರೌಂಚವಧೆಯನ್ನು ಕಂಡ ವಾಲ್ಮೀಕಿಯ ಬಾಯಿಂದ ಹೊರಟ ಶ್ಲೋಕವೂ ತಾನಾಗಿ ಹೊರಟುದೇ. ತಾನು ಆಡಿದುದೇನೆಂದು ಋಷಿಯೇ ಬೆರಗಾದನೆಂದು ಬಾಲಕಾಂಡವು ಹೇಳುತ್ತದೆ.

ಬೇಗನೆ ನಡೆದುದೆಲ್ಲ ಯೋಚಿಸದೆ ನಡೆದುದಲ್ಲ ಎಂಬ ಈ ಭೇದದ ಮೇಲೆ ನ್ಯಾಯಸ್ಥಾನದಲ್ಲಿ ಮನುಷ್ಯನ ಜೀವನವೇ ತೂಗಾಡುವುದುಂಟು. 1860ರ ದಂಡಸಂಹಿತೆಯಲ್ಲಿ, ತೀವ್ರವೂ ಹಠಾತ್ತಾದುದೂ ಆದ ಪ್ರಚೋದನೆಯಿಂದ ಮೈಮೇಲಿನ ಹತೋಟಿ ತಪ್ಪಿ ಕೊಂದವನಿಗೆ ಕೊಲೆಯ ಅಪರಾಧದಿಂದ ಒಂದು ವಿನಾಯಿತಿ ಇದ್ದಿತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಉಳಿದಿದೆ. 1959ರಲ್ಲಿ ಮುಂಬಯಿಯಲ್ಲಿ ನಡೆದ ನಾನಾವತಿಯ ಮೊಕದ್ದಮೆಯನ್ನು ವಾಚಕರು ಕೇಳಿರಬಹುದು. ಆ ನೌಕಾದಳದ ಅಧಿಕಾರಿಯು ಪತ್ನಿಯ ಮನಸ್ಸು ಬೇರೆ ಕಡೆ ಹೋಗಿರುವುದನ್ನು ಅವಳ ಬಾಯಿಂದಲೇ ಕೇಳಿದನು. ಅನಂತರ ಅವಳನ್ನೂ ಮಕ್ಕಳನ್ನೂ ಸಿನಿಮಾ ಮಂದಿರಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರನ್ನೂ ಗುಂಡುಗಳನ್ನೂ ಪಡೆದು, ಆ ಇನ್ನೊಬ್ಬನ ಮನೆಯನ್ನು ಹೊಕ್ಕನು. ಜ್ಯೂರಿಯವರು ನಿರಪರಾಧಿಯೆಂದರು, ಉಚ್ಚ ನ್ಯಾಯಾಲಯವು ಒಪ್ಪಲಿಲ್ಲ. 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಡಿಯಾರವನ್ನೇ ಮುಂದಿಟ್ಟಿತು: ಅವನು ಮನೆಬಿಟ್ಟುದು ಮಧ್ಯಾಹ್ನ 1-30ಕ್ಕೆ, ಕೊಲೆ ನಡೆದುದು 4-20ಕ್ಕೆ, ಕೋಪವು ಇಳಿಯಲು ಅಷ್ಟು ಹೊತ್ತು ಸಾಕು. ಕೋಪ ಥಟ್ಟನೆ ಬಂದಿರಬಹುದು, ಕೈ ಥಟ್ಟನೆ ಎದ್ದುದಲ್ಲ.

ಸಂಸ್ಕೃತದಿಂದ ಬಂದವುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ಹಠಾತ್’ ಎಂದರೆ ಮೂಲದಲ್ಲಿ ಬಲಾತ್ಕಾರವಾಗಿ ಎಂದರ್ಥ. ‘ಸಹಸಾ’ ಎಂಬುದೂ ಬಲವಾಚಿಯಾದ ‘ಸಹಸ್’ ಶಬ್ದದ ತೃತೀಯಾ ರೂಪವೇ. ಬಲ ಹೋಗಿ ಬಿರುಸು ಉಳಿಯಿತು. ಅದು ಲೋಕರೂಢಿ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆಕ್ಷೇಪವಿರುವುದು ‘ಅಕಸ್ಮಾತ್’ ಎಂಬುದರ ದುರುಪಯೋಗಕ್ಕೆ. ‘ಕಸ್ಮಾತ್’ ಎಂದರೆ ‘ಯಾವುದರಿಂದ’. ಯಾವುದರಿಂದಲೆಂದು ಹೇಳಲಾಗದುದು ಅಕಸ್ಮಾತ್. ಗೋದಾಮು ಸುಟ್ಟ ಮರುದಿನವೇ ಪತ್ರಿಕೆಗಳು ‘ಆಕಸ್ಮಿಕ ಬೆಂಕಿ’ ಎಂದು ಬರೆಯುತ್ತವೆ. ವಿಚಾರಣೆಯೇ ಆಗಿಲ್ಲ, ಕಾರಣ ಕಾಣದು ಎಂಬಷ್ಟೇ ಅದರ ಅರ್ಥವಾಗಬೇಕು. ಓದುವವನು ಮಾತ್ರ ಯಾರ ತಪ್ಪೂ ಇಲ್ಲವೆಂದು ತಿಳಿಯುತ್ತಾನೆ. ಇನ್ನು ‘ಕಾಕತಾಳೀಯ’. ಕಾಗೆ ಬಂದುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ನಂಟಿಲ್ಲದೆ ಎರಡೂ ಕೂಡಿಬಂದುದು ಅದು. ಇಂಥ ಶಬ್ದಗಳ ಸಿದ್ಧಿಗಾಗಿ ಪಾಣಿನಿಯು ಒಂದು ಸೂತ್ರವನ್ನೇ ರಚಿಸಿದ್ದಾನೆ. ಎರಡು ಘಟನೆಗಳಿಲ್ಲದ ಕಡೆ ಅದಕ್ಕೆ ಕೆಲಸವಿಲ್ಲ. ‘ಕಾಕತಾಳೀಯವಾಗಿ ಕೆಮ್ಮಿದರು’ ಎಂಬ ಬರವಣಿಗೆಯನ್ನು ನಾವು ಕಂಡಿದ್ದೇವೆ, ಕಾಗೆಯೆಲ್ಲಿ, ಹಣ್ಣೆಲ್ಲಿ?

ಅರಿಯದೆ ಮಾಡಿದ ಪಾಪವನ್ನೂ ಅರಿತು ಮಾಡಿದುದನ್ನೂ ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ‘ಅಕಾಮತಃ’, ‘ಕಾಮತಃ’ ಎಂದು ಬೇರ್ಪಡಿಸಿ, ಶುದ್ಧಿಯ ಬಗೆಯನ್ನೂ ಬೇರೆ ಬೇರೆಯಾಗಿ ಹೇಳುತ್ತದೆ. ನಮ್ಮ ಕನ್ನಡದ ‘ದುಡುಕಿ’ ಎಂಬುದು ಇವೆರಡರ ನಡುವಣದು. ದುಡುಕಿದವನಿಗೆ ತಾನೇನು ಮಾಡುತ್ತಿರುವೆನೆಂಬ ಅರಿವಿದೆ, ಮುಂದೇನಾಗುವುದೆಂಬ ವಿವೇಕವಿಲ್ಲ. ಆದುದರಿಂದ ಅವನಿಗೆ ಕ್ಷಮೆಯೂ ಸಲ್ಲುತ್ತದೆ, ಬೈಗುಳೂ ಸಲ್ಲುತ್ತದೆ. ‘ಹಿಂದುಮುಂದು ನೋಡದೆ’ ಎಂಬುದಂತೂ ವಿಚಿತ್ರವಾದುದು. ಹಿಂದುಮುಂದು ನೋಡದೆ ಸಾಲಮಾಡಿದವನನ್ನು ಜರೆಯುತ್ತೇವೆ; ಹಿಂದುಮುಂದು ನೋಡದೆ ಕೆರೆಗೆ ಹಾರಿ ಮಗುವನ್ನು ಎತ್ತಿದವನಿಗೆ ಕೈಮುಗಿಯುತ್ತೇವೆ.

ಇಷ್ಟು ಸಾಲದೆಂಬಂತೆ ಕನ್ನಡವು ಕ್ರಿಯಾಪದದ ಬಾಲದಲ್ಲಿಯೂ ಈ ಸೂಕ್ಷ್ಮವನ್ನು ಅಡಗಿಸಿಟ್ಟಿದೆ. ‘ಅಂದೆ’ ಎಂದವನು ಹೊಣೆ ಹೊತ್ತಿದ್ದಾನೆ. ‘ಅಂದುಬಿಟ್ಟೆ’ ಎಂದವನು ಹೊಣೆ ಹೊತ್ತು ಪರಿತಪಿಸುತ್ತಿದ್ದಾನೆ. ‘ಬಾಯಿಂದ ಬಂದುಹೋಯಿತು’ ಎಂದವನ ವಾಕ್ಯದಲ್ಲಿ ಕರ್ತೃವೇ ಮಾಯ. ಮಾತು ಬಂದಿತು, ಹೋಯಿತು, ತಾನು ಬರಿಯ ಬಾಗಿಲು! ತುಂಟ ಮಕ್ಕಳು ಈ ಪ್ರಯೋಗವನ್ನು ಬಹು ಬೇಗ ಕಲಿಯುತ್ತಾರೆ. ದೊಡ್ಡವರು ಮರೆಯುವುದೇ ಇಲ್ಲ.

ನಮ್ಮ ಪರಿಚಿತರೊಬ್ಬರು ಮಗಳ ಮದುವೆಯ ಮನೆಯಲ್ಲಿ ಊಟದ ಏರ್ಪಾಟಿನ ಸಂಬಂಧವಾಗಿ ಬೀಗರನ್ನು ಹತ್ತು ಜನರೆದುರಿಗೆ ಒಂದು ಮಾತು ಆಡಿದ್ದರು. ಎರಡು ವರ್ಷ ಮಗಳು ತವರಿಗೆ ಬರಲಿಲ್ಲ. ಕೊನೆಗೆ ಅವರು ಒಂದು ಕ್ಷಮಾಪಣೆಯ ಪತ್ರವನ್ನು ಬರೆದು, ಭಾಷೆಯನ್ನು ತಿದ್ದಿಕೊಡಬೇಕೆಂದು ನಮ್ಮಲ್ಲಿಗೆ ತಂದರು. ‘ಅಂದು ಆಕಸ್ಮಿಕವಾಗಿ ನಮ್ಮಿಂದ ಒಂದು ಮಾತು ಬಂದುಹೋಯಿತು, ತಾವು ಮನಸ್ಸಿಗೆ ಹಚ್ಚಿಕೊಂಡಿರಿ’ ಎಂದಿತ್ತು. ಕಾಗುಣಿತವೇನೂ ತಪ್ಪಿರಲಿಲ್ಲ. ಆದರೆ ಬರೆದವರು ಜಾರಿಕೊಂಡು, ತಪ್ಪೆಲ್ಲ ಓದುವವರ ಮನಸ್ಸಿನದಾಗಿತ್ತು. ನಾವು ‘ಅಂದು ನಾನು ದುಡುಕಿ ಆಡಬಾರದ ಮಾತನ್ನು ಆಡಿಬಿಟ್ಟೆ’ ಎಂದು ತಿದ್ದಿದೆವು. ‘ನಾನು’ ಎಂಬುದನ್ನು ನೋಡಿ ಅವರು ಬಹಳ ಹೊತ್ತು ಸುಮ್ಮನಿದ್ದರು. ‘ದುಡುಕಿ’ ಎಂಬುದಾದರೂ ಬೇಡವೆಂದರೆ ಆಗದೆ ಎಂದು ಕೇಳಿದರು. ಅದೊಂದು ಇರಲಿ, ಬೇಕೆಂದೇ ಆಡಿದುದಲ್ಲವೆಂಬುದಕ್ಕೆ ಅದೇ ಆಧಾರ ಎಂದೆವು. ಎರಡನ್ನೂ ಉಳಿಸಿಕೊಂಡು ಪ್ರತಿ ಮಾಡಿ ಕಳುಹಿಸಿದರು. ಮೂರು ವಾರದ ಮೇಲೆ ಉತ್ತರ ಬಂದಿತು. ಕ್ಷೇಮಸಮಾಚಾರದ ನಾಲ್ಕು ಸಾಲು, ಆ ಮಾತಿನ ಪ್ರಸ್ತಾಪವೇ ಅದರಲ್ಲಿರಲಿಲ್ಲ. ದೀಪಾವಳಿಗೆ ಮಗಳೂ ಅಳಿಯಂದಿರೂ ಬಂದು ನಾಲ್ಕು ದಿನ ಇದ್ದು ಹೋದರು.